ಮಂಗಳವಾರದ ಫೋನು: ಕೂರಿಗೆ ಭತ್ತದವರು 30 ರೂಪಾಯಿ ಕೊಡಬಹುದಾ?

ನಮ್ಮದು ಕಿತ್ತೂರು ಸೀಮೆ. ಎರಡು ಎಕರೆ ಹೊಲ, ಅರ್ಧ ಎರಿ ಅಂದರೆ ಕಪ್ಪು ಮಣ್ಣು, ಅರ್ಧ ಮಸಾರಿ ಅಂದರೆ ಕೆಂಪು ಮಣ್ಣು. ಮಾಡುವುದು ಕೂರಿಗೆ ಭತ್ತ. ಸಸಿಮಡಿ ಇಲ್ಲ, ನಾಟಿ ಇಲ್ಲ, ನೀರು ನಿಲ್ಲುವ ಮಾತೇ ಇಲ್ಲ. ಜೋಳ ಬಿತ್ತಿದ ಹಾಗೆ ಒಣ ಹೊಲದಲ್ಲಿ ಸಾಲು ಹಿಡಿದು ಬಿತ್ತಿ ಮಳೆಯ ದಾರಿ ನೋಡುತ್ತೇವೆ.

ಎರಡು ಮುಂಗಾರಿನಿಂದ ಪ್ರತಿ ಮಂಗಳವಾರ ಸಂಜೆ 7ಕ್ಕೆ ಮನೆಗೊಂದು ಫೋನು ಬರುತ್ತದೆ. ಎತ್ತಿದರೆ ರೆಕಾರ್ಡ್ ಮಾಡಿದ ದನಿ. ಭತ್ತದಲ್ಲಿ ಏನೇನು ಸಂಶೋಧನೆ ಆಗಿದೆ, ಅದನ್ನು ಹೊಲದಲ್ಲಿ ಹೇಗೆ ಮಾಡುವುದು ಎಂದು ಮೂರು ನಿಮಿಷ ಹೇಳುತ್ತದೆ. ನಡೆಸುವವರ ಹೆಸರು ಹಾಕುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ಮೊದಲ ವರ್ಷ ಪುಕ್ಕಟೆ ಇತ್ತು. ಈಗ ತಿಂಗಳಿಗೆ 30 ರೂಪಾಯಿ. ಕೊಡಬೇಕಾ ಬೇಡವಾ ಎಂದು ಓಣಿಯವರು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬೈಗುಳ. ಹತ್ತು ಫೋನಿನಲ್ಲಿ ಆರು ನಮಗೆ ಸಂಬಂಧವೇ ಇಲ್ಲದ್ದು. "ಗದ್ದೆಯಲ್ಲಿ ಎರಡು ಇಂಚು ನೀರು ನಿಲ್ಲಿಸಿ, ಕಸ ಹುಟ್ಟುವುದಿಲ್ಲ" ಎನ್ನುತ್ತದೆ ದನಿ. ನಮ್ಮ ಅತ್ತೆ ಅದರ ಜೊತೆ ಜಗಳಕ್ಕೇ ನಿಲ್ಲುತ್ತಾರೆ. "ನೀರ ಎಲ್ಲಿಂದ ತರೂಣು? ನಿಮ್ಮಪ್ಪ ಕಾಲುವಿ ತಗಿಸ್ಯಾನೇನ?" ರೆಕಾರ್ಡಿಗೆ ಕೇಳಿಸುತ್ತದಾ? ಅದು ಗಂಗಾವತಿ ಕಡೆಯ ಕಾಲುವೆ ಭತ್ತಕ್ಕೆ ಹೇಳುವ ಮಾತು. ನಮ್ಮಲ್ಲಿ ಕಸ ಅಂದರೆ ಸಾಲಿನ ನಡುವೆ ಎಳೆಯುವ ಎಡೆಕುಂಟೆ, ಆಮೇಲೆ ಹೆಂಗಸರ ಸೊಂಟ. ಧಾರವಾಡದ ಪಕ್ಕ ಮುಗದದಲ್ಲಿ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವೇ ಇದೆ. ಮುಗದ ಸುಗಂಧ ತಳಿಯ ಹೆಸರಿನಲ್ಲೇ ಆ ಊರಿದೆ. ಮಳೆ ನಂಬಿದ ಭತ್ತದ ವಿಚಾರ ಇಷ್ಟು ಹತ್ತಿರ ಸಿಗುವಾಗ ದೂರದ ಕಾಲುವೆ ಕಥೆ ನಮಗೆ ಯಾಕೆ?

ಆದರೂ ಫೋನು ಬೇಡ ಎನ್ನಲು ಮನಸ್ಸಾಗುವುದಿಲ್ಲ. ಕಾರಣ ಹೋದ ಜುಲೈನ ಒಂದು ಮಂಗಳವಾರ.

ಮಳೆ ಹನ್ನೆರಡು ದಿನ ಕೈಕೊಟ್ಟಿತ್ತು. ಎರಿ ಕಡೆಯ ಭತ್ತವೆಲ್ಲ ಹಳದಿ. ಕಸ ತೆಗೆಯುವಾಗ ನಾವು ಹೆಂಗಸರು ವಾರ ಮೊದಲೇ ನೋಡಿದ್ದೆವು. ನಮ್ಮ ಯಜಮಾನರು ಯೂರಿಯಾ ಸಾಲಲಿಲ್ಲ ಎಂದು ಒಂದು ಚೀಲ ತಂದೂ ಆಯಿತು. ಫೋನು ಯಾವಾಗಲೂ ಅವರ ಜೇಬಿನಲ್ಲೇ ಇರುತ್ತದೆ. ಅವತ್ತು ಚಾರ್ಜಿಗೆ ಹಾಕಿ ಹೋಗಿದ್ದರು, ನಾನು ಎತ್ತಿದೆ.

"ಹಳದಿ ಯಾವ ಎಲೆಯಿಂದ ಶುರುವಾಗಿದೆ, ಮೊದಲು ಅದನ್ನು ನೋಡಿ" ಎಂದಿತು ದನಿ. ಕೆಳಗಿನ ಹಳೇ ಎಲೆ ಹಳದಿಯಾದರೆ ಸಾರಜನಕ ಕಡಿಮೆ, ಯೂರಿಯಾ ಬೇಕು. ಮೇಲಿನ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರು ಉಳಿದಿದ್ದರೆ ಕಬ್ಬಿಣ ಕಡಿಮೆ. ನೀರು ನಿಂತ ಗದ್ದೆಯಲ್ಲಿ ಮಣ್ಣಿನ ಕಬ್ಬಿಣ ಕರಗಿ ಬೇರಿಗೆ ಸಿಗುತ್ತದಂತೆ. ಒಣ ಹೊಲದಲ್ಲಿ ಅದು ತುಕ್ಕಿನ ಹಾಗೆ ಕೂತುಬಿಡುತ್ತದೆ, ಬೇರಿಗೆ ಬರುವುದಿಲ್ಲ. ಸುಣ್ಣದ ಹರಳಿರುವ ಎರಿಯಲ್ಲಿ ಇನ್ನೂ ಜಾಸ್ತಿ.

ಬೆಳಿಗ್ಗೆ ಹೋಗಿ ಒಂದು ಸಸಿ ಕಿತ್ತು ಬೆಳಕಿಗೆ ಹಿಡಿದೆ. ಕೆಳಗಿನ ಎಲೆ ಹಸಿರೇ. ಸುಳಿಯ ಎಲೆ ಮಾತ್ರ ಬೆಣ್ಣೆ ಬಣ್ಣ, ಅದರ ಉದ್ದಕ್ಕೂ ಹಸಿರು ದಾರ ಎಳೆದ ಹಾಗೆ ಸಣ್ಣ ಗೆರೆಗಳು. ಯೂರಿಯಾ ಚೀಲದ ಬಾಯಿ ಬಿಚ್ಚಲಿಲ್ಲ.

ಫೋನಿನಲ್ಲಿ ಫೆರಸ್ ಸಲ್ಫೇಟ್ ಎಂದಿದ್ದರು. ಅಂಗಡಿಯಲ್ಲಿ ಕೇಳಿದರೆ ನಮ್ಮ ಹಳೇ ಅನ್ನಭೇದಿಯೇ ಅದು! ಮೊದಲೇ ಹಾಗೆ ಹೇಳಬಾರದಾ? ಲೀಟರ್ ನೀರಿಗೆ 5 ಗ್ರಾಂ, ಅದರ ಅರ್ಧ ಸುಣ್ಣ. 16 ಲೀಟರಿನ ಪಂಪಿಗೆ 80 ಗ್ರಾಂ ಅನ್ನಭೇದಿ, 40 ಗ್ರಾಂ ಸುಣ್ಣ. "ಮಣ್ಣಾಗ ಸುಣ್ಣ ಜಾಸ್ತಿ ಅಂತೀರಿ, ಮತ್ತ ಸುಣ್ಣ ಯಾಕ್ರಿ ಅಕ್ಕಾರ?" ಎಂದು ಪಕ್ಕದ ಹೊಲದ ಹುಡುಗ ಕೇಳಿದ. ಇದು ಎಲೆ ಸುಡದಿರಲಿ ಎಂದು. ಮತ್ತೆ, ಕಲಸಿಟ್ಟು ಊಟಕ್ಕೆ ಹೋಗಬೇಡಿ. ನಾನು ಹೋಗಿದ್ದೆ, ಬರುವಷ್ಟರಲ್ಲಿ ನೀರು ತುಕ್ಕಿನ ಬಣ್ಣ. ಚೆಲ್ಲಿ ಮತ್ತೆ ಮಾಡಿದೆ. ಹತ್ತು ದಿನ ಬಿಟ್ಟು ಇನ್ನೊಮ್ಮೆ ಹೊಡೆದೆವು. ಅಷ್ಟರಲ್ಲಿ ಮಳೆಯೂ ಬಂತು. ಎಲ್ಲ ಅನ್ನಭೇದಿಯದೇ ಪುಣ್ಯ ಎಂದು ಹೇಳಲಾರೆ, ಆದರೆ ಹೊಸ ಸುಳಿ ಹಸಿರಾಗಿಯೇ ಬಂತು.

ಪ್ರಶ್ನೆ ಕೇಳಲು 9 ಒತ್ತಿ ಎನ್ನುತ್ತಾರೆ. ಸುಮ್ನೆ ಒತ್ತಬೇಡಿ. ಸೆಪ್ಟೆಂಬರಿನಲ್ಲಿ ಎಲೆ ಮೇಲೆ ನೂಲುವ ಕದಿರಿನ ಆಕಾರದ ಚುಕ್ಕೆ, ನಡುವೆ ಬೂದಿ ಬಣ್ಣ. ಕೇಳಿದೆ. "ಬೆಂಕಿ ರೋಗ" ಎಂದು ಉತ್ತರ ಬಂದಿದ್ದು ಹನ್ನೊಂದು ದಿನಕ್ಕೆ. ಬೆಂಕಿ ಅಷ್ಟು ದಿನ ಕಾಯುತ್ತದಾ?

ಇನ್ನೊಂದು. ಫೋನು ನನ್ನ ನಂಬರಿಗೆ ಬರಲಿ ಎಂದು ಕೇಳಿದೆ. ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಯಾರ ಹೆಸರಿದೆಯೋ ಅವರ ನಂಬರೇ ಬೇಕಂತೆ. ಹಳದಿ ಎಲೆ ಮೊದಲು ನೋಡುವವರು ನಾವು, ಉತಾರ ಅವರದು.

ನನ್ನ ಲೆಕ್ಕದಲ್ಲಿ ಈ ಫೋನಿಗೆ 5ಕ್ಕೆ 3 ಅಂಕ. ವರ್ಷಪೂರ್ತಿ ಬೇಡ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳಿಗೆ 120 ರೂಪಾಯಿ ಕಟ್ಟಿದ್ದೇನೆ. ಮಂಗಳವಾರ ಸಂಜೆ ಫೋನು ಮನೆಯಲ್ಲೇ ಬಿಟ್ಟು ಹೋಗಬೇಕು ಎಂದು ಯಜಮಾನರ ಹತ್ತಿರ ಕರಾರು ಆಗಿದೆ.