ಗೋಲಿನ ಲೆಕ್ಕವೋ, ಎಡಗಾಲಿನ ಲೆಕ್ಕವೋ?

ಮಗುವನ್ನು ಫುಟ್‌ಬಾಲ್ ಕೋಚಿಂಗಿಗೆ ಸೇರಿಸಿದ್ದಾಯಿತು. ಈಗ ಎಂಥ ಗುರಿ ಕೊಡೋಣ? ದಾರಿ ಎರಡಿದೆ. ಒಂದು, ಫಲಿತಾಂಶದ ಗುರಿ: ‘ಈ ಸೀಸನ್‌ನಲ್ಲಿ 10 ಗೋಲು’, ‘ಜಿಲ್ಲಾ ತಂಡಕ್ಕೆ ಆಯ್ಕೆ’. ಇನ್ನೊಂದು, ಅಭ್ಯಾಸದ ಗುರಿ: ‘ದಿನಾ ಎಡಗಾಲಲ್ಲಿ 50 ಪಾಸ್’.

ಮೊದಲನೆಯದು ಹುರುಪು ಕೊಡುತ್ತದೆ, ಸುಳ್ಳಲ್ಲ. ಆದರೆ ಆಯ್ಕೆ ಮಾಡುವವರು ಬೇರೆ ಯಾರೋ, ಅಲ್ವಾ? ನಮ್ಮ ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಫಿ 2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಹೆಡರ್ ಗೋಲು ಹೊಡೆದರು. ಆದರೂ ಅವರ ತಂಡ ಕೇರಳ ಬ್ಲಾಸ್ಟರ್ಸ್ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು.

ಎರಡನೆಯದು ಪೂರಾ ಮಗುವಿನ ಕೈಯಲ್ಲೇ ಇದೆ, ಅಂದರೆ ಕಾಲಲ್ಲಿ. ಉಪ್ಪಳದ ನಮ್ಮ ಮನೆಯ ಮುರಕಲ್ಲಿನ ಪಾಗಾರದ ಮೇಲೆ ಸೀಮೆಸುಣ್ಣದ ಒಂದು ಚೌಕ ಇದೆ. ಸಂಜೆ ಮಗ ಅದಕ್ಕೆ ಎಡಗಾಲಲ್ಲಿ 20 ಸಲ ಒದೆಯುತ್ತಾನೆ. ಒಳಗೆ ಬಿದ್ದದ್ದೆಷ್ಟು ಅಂತ ಕ್ಯಾಲೆಂಡರಿನಲ್ಲಿ ಬರೆಯುತ್ತಾನೆ. ಮೊದಲ ವಾರ 6, ತಿಂಗಳ ಕೊನೆಗೆ 13. ಮುರಕಲ್ಲು ಒರಟು, ಚೆಂಡು ಎತ್ತಲೋ ಹಾರುತ್ತದೆ. ಅದನ್ನು ಹಿಡಿತಕ್ಕೆ ತರುವುದೇ ಇನ್ನೊಂದು ಪಾಠ. (ಎರಡು ಹೂಕುಂಡ ಹೋದವು, ಅದು ಬೇರೆ ವಿಷಯ.) ಬೇಜಾರು ಬರುವುದುಂಟು. ಆಗ ಚೌಕವನ್ನು ಸ್ವಲ್ಪ ಸಣ್ಣದು ಮಾಡಿ, ಹಟ ಹುಟ್ಟುತ್ತದೆ.

ಗದ್ದೆ ಕೊಯ್ಲಾದ ಮೇಲೆ ಸೆವೆನ್ಸ್ (ತಂಡಕ್ಕೆ ಏಳೇ ಜನರ ಫುಟ್‌ಬಾಲ್) ಆಡುವಾಗಲೂ ಇಂಥ ಅಭ್ಯಾಸದ ಗುರಿಯೇ ನಡೆಯುತ್ತದೆ. ಆಟಗಾರರು ಕಡಿಮೆ, ಚೆಂಡು ಜಾಸ್ತಿ ಸಿಗುತ್ತದೆ. ‘ಪಾಸ್ ಬರುವ ಮೊದಲು ಹಿಂದೆ ಒಮ್ಮೆ ನೋಡು’ ಅಂದರೆ ಸಾಕು.

ನನ್ನ ಆಯ್ಕೆ? 12ರ ಒಳಗಿನವರಿಗೆ ಅಭ್ಯಾಸದ ಗುರಿ ಮಾತ್ರ. ದೊಡ್ಡವರಾದ ಮೇಲೆ ಫಲಿತಾಂಶದ್ದೂ ಒಂದು ಇರಲಿ, ಅದರ ಕೆಳಗೆ ಅಭ್ಯಾಸದ್ದು ಎರಡೇ. ಸುಮ್ನೆ ಐದಾರು ಬರೆದರೆ ಒಂದೂ ನೆನಪಿರುವುದಿಲ್ಲ.