ನಗರ್ತಪೇಟೆಯಲ್ಲಿ ಹಳೇ ಚಿನ್ನದ ಪರೀಕ್ಷೆ: 200 ರೂಪಾಯಿ ಕೊಟ್ಟದ್ದು ಸಾರ್ಥಕ

ಮನೆಯಲ್ಲಿರುವ ಹಳೇ ಒಡವೆ ಬದಲಾಯಿಸುವ ಯೋಚನೆ ಇದ್ದವರು ಅಂಗಡಿಗೆ ಹೋಗುವ ಮೊದಲು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ, ಅಂದರೆ ಚಿನ್ನದ ಶುದ್ಧತೆ ಪರೀಕ್ಷಿಸಿ ಗುರುತು ಹಾಕುವ ಕಡೆಗೆ, ಹೋಗಿ. ಇದು ಅಂಗಡಿಯವರಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ, ನಾವೂ ಹೋಗಬಹುದು. ನಾಲ್ಕು ಒಡವೆಯವರೆಗೆ ಒಟ್ಟು 200 ರೂಪಾಯಿ, ಐದು ಅಥವಾ ಹೆಚ್ಚಿದ್ದರೆ ಒಂದಕ್ಕೆ 45. ಮಾನ್ಯತೆ ಇರುವ ಕೇಂದ್ರಗಳ ಪಟ್ಟಿ ಬಿಐಎಸ್ ವೆಬ್‌ಸೈಟಿನಲ್ಲೇ ಇದೆ.

ನಾನು ಒಯ್ದದ್ದು ಅತ್ತೆಯವರ ಎರಡೆಳೆ ಸರ ಮತ್ತು ಒಂದು ಗುಂಡಿನ ಸರ. ಎರಡೆಳೆ ಸರ 42 ಗ್ರಾಂ. ಬಡಾವಣೆಯ ಅಂಗಡಿಯೊಂದರಲ್ಲಿ ಅದನ್ನು ಒರೆಗಲ್ಲಿಗೆ ಉಜ್ಜಿ ನೋಡಿ, "ಹಳೇ ಮಾಲು ಮೇಡಂ, ಎಂಬತ್ತು ಪರ್ಸೆಂಟ್ ಹಾಕ್ಕೊಡ್ತೀನಿ" ಅಂದಿದ್ದರು. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. "ಕೇರಿ ಆಚಾರ್ರು ಮಾಡಿದ್ದು, ಕಣ್ಣೆದುರೇ ಮಾಡಿಸಿದ್ದು" ಅಂತ ಒಂದೇ ಹಟ.

ನಾವು ಹೋದದ್ದು ಬೆಂಗಳೂರಿನ ನಗರ್ತಪೇಟೆಯ ಕೇಂದ್ರಕ್ಕೆ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದೇ ಹೋಗಿ, ಆ ಓಣಿಗಳಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ಕೇಂದ್ರ ಮಹಡಿ ಮೇಲಿನ ಸಣ್ಣ ಕೋಣೆ. ಎದುರಿಗೇ ತೂಗಿ, ರಸೀದಿಯಲ್ಲಿ ತೂಕ ಬರೆದು, ಸರವನ್ನು ಎಕ್ಸ್‌ಆರ್‌ಎಫ್ ಯಂತ್ರದೊಳಗಿಟ್ಟರು (ಎಕ್ಸ್-ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ನೋಡುವ ಯಂತ್ರ). ಪರದೆಯ ಮೇಲೆ ಚಿನ್ನ, ಬೆಳ್ಳಿ, ತಾಮ್ರ ಎಷ್ಟೆಷ್ಟು ಅನ್ನೋದು ಸಾಲಾಗಿ ಬಂತು. ಕೊಂಡಿಗಳ ಮೇಲೆ ಚಿನ್ನ ಶೇಕಡಾ 91ರ ಆಸುಪಾಸು. ಅಂದರೆ 22 ಕ್ಯಾರೆಟ್‌ನ 91.6ಕ್ಕೆ ತೀರಾ ಹತ್ತಿರ. ಬೆಸುಗೆ ಹಾಕಿದ ಕಡೆ ಮಾತ್ರ 78. ಯಂತ್ರ ನೋಡಿಕೊಳ್ಳುತ್ತಿದ್ದ ಹುಡುಗ ಇಲ್ಲೇ ನಿಲ್ಲಿಸಿ ನನ್ನನ್ನು ಖುಷಿಪಡಿಸಬಹುದಿತ್ತು. ಆದರೆ, "ಕೊಂಡಿ ನಂಬರ್ ನೋಡಿ ಲೆಕ್ಕ ಹಾಕ್ಬೇಡಿ ಮೇಡಂ, ಬೆಸುಗೆನೂ ತೂಕದಲ್ಲಿ ಬಂದಿರುತ್ತೆ. ಮತ್ತೆ ಈ ಯಂತ್ರ ನೋಡೋದು ಮೇಲ್ಮೈ ಮಾತ್ರ" ಅಂದ. ಈ ಮಾತಿಗೇ ನಾನು ಆ ಕೇಂದ್ರವನ್ನು ಮೆಚ್ಚಿದೆ. ಹಲವು ಕಡೆ ಇಟ್ಟು ನೋಡಿ ವರದಿಯಲ್ಲಿ ಬರೆದುಕೊಟ್ಟ ಸರಾಸರಿ 88.4.

ಎಂಬತ್ತಕ್ಕೂ ಇದಕ್ಕೂ ವ್ಯತ್ಯಾಸ 42 ಗ್ರಾಂ ಮೇಲೆ ಮೂರೂವರೆ ಗ್ರಾಂ ಅಪರಂಜಿ! ಇವತ್ತಿನ ದರಕ್ಕೆ ನೀವೇ ಗುಣಿಸಿ ನೋಡಿ.

ಇನ್ನೂ ಖಚಿತ ಬೇಕೆಂದರೆ ಬೆಂಕಿ ಪರೀಕ್ಷೆ ಇದೆ. ಅದಕ್ಕೆ ಒಡವೆಯಿಂದ ಚೂರು ತೆಗೆಯಲು ನಾವು ಒಪ್ಪಬೇಕು. ಚೂರನ್ನು ತೂಗಿ, ಬೆಳ್ಳಿ ಸೇರಿಸಿ, ಸೀಸದ ತೆಳು ಹಾಳೆಯಲ್ಲಿ ಸುತ್ತಿ, ಸೀಸ ಹೀರಿಕೊಳ್ಳುವ ಬಟ್ಟಲಿನಲ್ಲಿಟ್ಟು ಕುಲುಮೆಗೆ ಹಾಕುತ್ತಾರೆ. ಸೀಸವು ತಾಮ್ರವನ್ನು ಎಳೆದುಕೊಂಡು ಬಟ್ಟಲಿನೊಳಕ್ಕೆ ಇಂಗಿಹೋಗುತ್ತದೆ. ಉಳಿದ ಗುಂಡನ್ನು ತಟ್ಟಿ ತೆಳ್ಳಗೆ ಮಾಡಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಚಿನ್ನವೊಂದೇ ಉಳಿಯುತ್ತದೆ. ನಾನು ಇದನ್ನು ಮಾಡಿಸಲಿಲ್ಲ.

ಗುಂಡಿನ ಸರದ ವಿಷಯದಲ್ಲಿ ಪೂರ್ತಿ ಉತ್ತರ ಸಿಗಲಿಲ್ಲ. ಗುಂಡುಗಳೊಳಗೆ ಅರಗು ತುಂಬಿರುತ್ತದಲ್ಲ, ಹೊರಗಿನ ತಗಡು ಎಷ್ಟು ಶುದ್ಧ ಅನ್ನೋದು ಗೊತ್ತಾಗುತ್ತದೆ, ಒಳಗೆ ಅರಗು ಎಷ್ಟು ತೂಕ ಅನ್ನೋದು ಗೊತ್ತಾಗಲ್ಲ. ಅದನ್ನು ಹಾಗೇ ಮನೆಗೆ ತಂದೆವು, ಅತ್ತೆಗೂ ಅದೇ ಬೇಕಿತ್ತು.

ಕೊರತೆಗಳೂ ಇವೆ. ವ್ಯಾಪಾರಿಗಳ ಸರಕು ಬಂದರೆ ನಮ್ಮದು ಪಕ್ಕಕ್ಕೆ ಹೋಗುತ್ತದೆ. ವಯಸ್ಸಾದವರು ಕೂರಲು ಒಂದು ಕುರ್ಚಿ ಕೂಡ ಇಲ್ಲ. ವರದಿ ಬರೀ ಇಂಗ್ಲಿಷಿನಲ್ಲಿ. ಅತ್ತೆಯಂಥವರ ಕೈಗೆ ಕೊಡುವ ಕಾಗದ ಕನ್ನಡದಲ್ಲಿ ಇರಲೇಬೇಕು.

ವರದಿ ಹಿಡಿದು ಬೇರೆ ಅಂಗಡಿಗೆ ಹೋದೆವು. ಅವರು ನಮ್ಮೆದುರೇ ಕರಗಿಸಿ 87.9ಕ್ಕೆ ಲೆಕ್ಕ ಹಾಕಿದರು. ಬದಲಿಗೆ ಕೊಂಡ ಚೈನಿನ ಮೇಲೆ ಬಿಐಎಸ್ ಗುರುತು, 22ಕೆ916, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆಬೇರೆಯಾಗಿ ಕೊಡುವ ಗುರುತಿನ ಸಂಖ್ಯೆ) ಮೂರೂ ಇವೆ. ಅಂಗಡಿಯಲ್ಲೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಎಚ್‌ಯುಐಡಿ ಹಾಕಿ, ಒಡವೆ ಯಾವುದು, ಶುದ್ಧತೆ ಎಷ್ಟು, ಹಾಲ್‌ಮಾರ್ಕ್ ಆದ ದಿನ ಯಾವುದು ಎಲ್ಲ ತಾಳೆ ನೋಡಿದೆ. ಬಿಲ್ಲಿನಲ್ಲಿ ಹಾಲ್‌ಮಾರ್ಕ್ ಶುಲ್ಕ 45 ರೂಪಾಯಿ ಬೇರೆಯಾಗಿ ನಮೂದಾಗಿದೆಯೇ ನೋಡಿಕೊಳ್ಳಿ.

ಹೋಗುವವರಿಗೆ ಇನ್ನೊಂದು ಮಾತು: ಪರೀಕ್ಷೆಗೆ ಮೊದಲು ಒಡವೆಗೆ ಚಿನ್ನದ ಲೇಪ ಹಾಕಿಸಬೇಡಿ. ಯಂತ್ರ ಆ ಹೊಸ ಪದರವನ್ನೇ ಓದಿಬಿಡುತ್ತದೆ.