ಬಳ್ಳಾರಿಯ ಬೋರ್ಡಿಲ್ಲದ ಗ್ಯಾರೇಜು, ನನ್ನ 2008ರ ಬೊಲೆರೊ

ಬಂಪರ್ ಮುಂದ ಕಬ್ಬಿಣದ ಬುಲ್ ಗಾರ್ಡ್, ಮ್ಯಾಲೆ ನಾಲ್ಕು ಲೈಟು, ದಪ್ಪ ಟೈರು. ಈ ಮೂರು ಹಾಕಿಸ್ಕೊಂಡು ಬರಾಣ ಅಂತ ಹೋದೋನು ನಾನು. ಗ್ಯಾರೇಜಿನ ಮೆಕ್ಯಾನಿಕ್ ಚಾಚಾ ಮೂರಕ್ಕೂ ಬ್ಯಾಡ ಅಂದ್ರು, ಬಾನೆಟ್ ಎತ್ತಿ ರೇಡಿಯೇಟರ್ ಸಂದ್ಯಾಗ ಬೆರಳು ಆಡಿಸಿ ಆ ಕೆಂಪು ಮಣ್ಣನ್ನ ನನ್ನ ಅಂಗೈಗೆ ಒರೆಸಿದ್ರು. "ಸಂಡೂರು ಮಣ್ಣು ಬೇಟಾ ಇದು, ಹತ್ತು ವರ್ಷದಿಂದ ಇಲ್ಲೇ ಕುಂತೈತಿ. ಮೊದ್ಲು ಇದನ್ನ ಇಳಿಸು, ಆಮ್ಯಾಲೆ ಲೈಟು ಏರಿಸೀ ಅಂತ."

ಗಾಡಿ ಬಗ್ಗೆ ಸ್ವಲ್ಪ ಹೇಳ್ಬೇಕು. ಕೆಎ 34 ಪಾಸಿಂಗು, ಬೊಲೆರೊ ಡಿಐ, 2523 ಸಿಸಿ, ಟು ವ್ಹೀಲ್ ಡ್ರೈವ್. ಮೊದಲ್ನೇ ಓನರ್ ಮೈನ್ಸ್ ಕಾಂಟ್ರಾಕ್ಟರು, 2011ರಾಗ ಸುಪ್ರೀಂ ಕೋರ್ಟು ಬಳ್ಳಾರಿ ಮೈನಿಂಗ್ ನಿಲ್ಲಿಸಿದ ಮ್ಯಾಲೆ ಇಂಥ ಗಾಡಿ ಎಷ್ಟೋ ಕೈಯಿಂದ ಕೈಗೆ ಹೋದ್ವಲ್ಲ, ಅದ್ರಾಗಿಂದು ಒಂದು ನನ್ನ ಪಾಲಿಗೆ 2019ರಾಗ ಬಂತು, ಥರ್ಡ್ ಹ್ಯಾಂಡು. 2023ಕ್ಕ 15 ವರ್ಷ ತುಂಬ್ತು, ಆರ್‌ಸಿ ರಿನ್ಯೂವಲ್ ಫೀಸೇ 5,000, ಗ್ರೀನ್ ಟ್ಯಾಕ್ಸ್ ಬ್ಯಾರೆ, ಇನ್ನೂ ಐದು ವರ್ಷ ಓಡಿಸಾಕ ಪರ್ಮಿಷನ್ ಸಿಕ್ತು. ನಮ್ಮವ್ವ ಮಾತ್ರ ಇನ್ನೂ ಅದನ್ನ "ಗುಜರಿ" ಅಂತಾನ ಕರೀತಾಳ.

ಈಗ ಗ್ಯಾರೇಜಿನ ಮಾತು. ಹೊರಗ ಒಂದು ಬೇವಿನ ಮರ, ಅದ್ರ ಕೆಳಗ ಬಿಚ್ಚಿಟ್ಟ ಎರಡು ಗೇರ್ ಬಾಕ್ಸು, ಬೋರ್ಡಿಲ್ಲ. ಮೈನ್ಸ್ ಕಾಲದಾಗ ದಿನಕ್ಕ ಹತ್ತು ಬೊಲೆರೊ ಬಿಚ್ಚಿದ ಕೈ ಇವು, ಹಂಗಾಗಿ ಸ್ಟಾರ್ಟ್ ಮಾಡೋ ಸದ್ದಿಗೇ ಅರ್ಧ ಹೇಳಿಬಿಡ್ತಾರ. ಕಂಪ್ಯೂಟರ್ ಸ್ಕ್ಯಾನರ್ ಹಾಕಿ ನೋಡೋ ಹೊಸ ನಮೂನಿ ಕಾಮನ್ ರೈಲ್ ಡೀಸೆಲ್ ಗಾಡಿ ತಂದ್ರ "ಇದು ನನ್ನ ಕೈಯಾಗಿಲ್ಲ, ಬ್ಯಾರೆ ಕಡೆ ಹೋಗ್ರಿ" ಅಂತ ಮುಖದ ಮ್ಯಾಲೆ ಹೇಳಿ ಕಳಿಸ್ತಾರ, ಅದು ನಂಗೆ ಭಾಳ ಸೇರ್ತು.

ಬುಲ್ ಗಾರ್ಡ್ ಯಾಕ ಬ್ಯಾಡ ಅಂದ್ರ, 2017 ಡಿಸೆಂಬರ್‌ನಾಗ ಕೇಂದ್ರ ಸರ್ಕಾರಾನ ಅದನ್ನ ಹಾಕಂಗಿಲ್ಲ ಅಂದೈತಿ, ಪೊಲೀಸ್ರು ಹಿಡಿದ್ರ ದಂಡ. ಚಾಚಾನ ಲೆಕ್ಕ ಬ್ಯಾರೆ: ಗಾರ್ಡು ಬೋಲ್ಟ್ ಆಗಿರೋದು ಚಾಸಿಗೆ, ಗುದ್ದಿದ್ರ ಬಂಪರ್ ಉಳೀತೈತಿ ಚಾಸಿ ಸೊಟ್ಟ ಆಗ್ತೈತಿ, ಮತ್ತ ಗ್ರಿಲ್ ಮುಂದ ಲೈಟು ಗಾರ್ಡು ಅಂತ ಏನೇನು ನಿಲ್ಲಿಸಿದ್ರೂ ರೇಡಿಯೇಟರಿಗೆ ಹೋಗೋ ಗಾಳಿ ಕಟ್. ನಮ್ಮೂರ ಬ್ಯಾಸಗ್ಯಾಗ ಗಾಳಿ ಕಟ್ ಮಾಡೋದಾ?

ರೇಡಿಯೇಟರ್ ಬಿಚ್ಚಿದ್ರು ನೋಡ್ರಿ, ಒಳಗ ನೀರು ಕಾಸೋ ಹಂಡ್ಯಾಗ ಕಟ್ಟಿದಂಗ ಸುಣ್ಣ ಕಟ್ಟಿತ್ತು. ಹಿಂದಿನೋರು ಬೋರಿನ ಸವಳು ನೀರು ಹಾಕ್ಕೋಂತ ಬಂದಾರ, ನಾನೂ ಎರಡು ಸಲ ಹಾಕೀನಿ, ಸುಳ್ಳು ಯಾಕ ಹೇಳ್ಲಿ. ಇನ್ನೊಂದು ಗೊತ್ತಾತು, ಇಂಜಿನ್ ಬಿಸಿ ಆಗೋ ತನಕ ರೇಡಿಯೇಟರಿಗೆ ನೀರು ಬಿಡದ ವಾಲ್ವು, ಥರ್ಮೋಸ್ಟಾಟೇ ಇಲ್ಲ! ಗಾಡಿ ಹೀಟ್ ಆಗ್ತೈತಿ ಅಂತ ಯಾವನೋ ಹಳೇ ಮೆಕ್ಯಾನಿಕ್ ಕಿತ್ತು ಒಗೆದಿದ್ದ. ನಮ್ಮ ಕಡೆ ಇದೊಂದು ಚಟ. ಅದಿಲ್ಲ ಅಂದ್ರ ಚಳಿಗಾಲದ ಮುಂಜಾನಿ ಇಂಜಿನ್ ಬಿಸಿ ಆಗಾಕ ತಾಸು ಹಿಡೀತೈತಿ, ಡೀಸೆಲ್ ಕುಡೀತೈತಿ, ಬ್ಯಾಸಗ್ಯಾಗ ಕಟ್ಟಿಕೊಂಡಿರೋ ರೇಡಿಯೇಟರು ಕಟ್ಟಿಕೊಂಡೇ ಇರ್ತೈತಿ, ಅಸಲಿ ರೋಗಕ್ಕ ಔಷಧ ಬೀಳಲೇ ಇಲ್ಲ. ಚಾಚಾ ರೇಡಿಯೇಟರ್ ಕೆಲಸದೋನ ಹತ್ರ ಕಳ್ಸಿ ಟ್ಯಾಂಕ್ ಬಿಚ್ಚಿ ಕಡ್ಡಿ ಹಾಕಿ ತೆಗೆಸಿದ್ರು, ಹೊಸ ಥರ್ಮೋಸ್ಟಾಟ್, ಮ್ಯಾಲಿನ ಕೆಳಗಿನ ಹೋಸು, ಕ್ಯಾಪು, ಆಮ್ಯಾಲೆ ಕೂಲಂಟು ಅರ್ಧ ಡಿಸ್ಟಿಲ್ಡ್ ವಾಟರ್ ಅರ್ಧ. ಎಲ್ಲಾ ಸೇರಿ 6,850 ಆತು.

ಮೇ ತಿಂಗಳು, 41 ಡಿಗ್ರಿ, ನಾಲ್ಕು ಮಂದಿ, ಎಸಿ ಹಾಕ್ಕೊಂಡು ಸಂಡೂರು ಕುಮಾರಸ್ವಾಮಿ ಗುಡ್ಡ ಹತ್ತಿಸ್ದೆ, ಹೀಟ್ ಮೀಟರಿನ ಮುಳ್ಳು ಅರ್ಧದಾಗ ನಿಂತಿದ್ದು ಅಲುಗಾಡ್ಲಿಲ್ಲ. ಹೋದ ವರ್ಷ ಅದೇ ರೋಡಿನಾಗ ಮುಳ್ಳು ಏರ್ತು ಅಂತ ಕಿಟಕಿ ಬಿಟ್ಟು ಹೀಟರ್ ಹಾಕ್ಕೊಂಡು ಹತ್ತಿದ್ದೆ, ಹೀಟರ್ ಇಂಜಿನ್ನಿನ ಬಿಸಿ ಸ್ವಲ್ಪ ಎಳ್ಕೊಳ್ತೈತಿ ಅಂತ. ಮೇ ತಿಂಗಳ ಬಳ್ಳಾರ್ಯಾಗ ಹೀಟರ್ ಹಾಕಿದೋನು ಇಡೀ ಜಿಲ್ಲೆಗೆ ನಾನೊಬ್ನೇ ಇರ್ಬೇಕು.

ಹಿಂದಿನ ಕಮಾನ್ ಪಟ್ಟಿಗೆ ಕಾಂಟ್ರಾಕ್ಟರ್ ಕಾಲದಾಗ ಒಂದು ಎಕ್ಸ್‌ಟ್ರಾ ಪಟ್ಟಿ ಸೇರಿಸಿದ್ರು, ಲೋಡಿಗೆ. ಖಾಲಿ ಗಾಡಿ ಕುದುರಿ ಕುಣಿದಂಗ ಕುಣೀತಿತ್ತು, ನಾನು ಬೊಲೆರೊ ಅಂದ್ರ ಹಿಂಗೇ ಅಂದ್ಕೊಂಡಿದ್ದೆ. ಅದನ್ನ ತೆಗೆದು ಶಾಕಲ್ ಬುಷ್, ಯು ಬೋಲ್ಟ್ ಹೊಸಾವು ಹಾಕಿದ್ರು, 500 ಕಿಲೋಮೀಟರ್ ಆದ್ಮ್ಯಾಲೆ ಬಂದು ಮತ್ತ ಟೈಟ್ ಮಾಡಿಸ್ಬೇಕು ಅಂದ್ರು. ಹೋದೆ, ಅರ್ಧ ಸುತ್ತು ಟೈಟ್ ಆತು, ದುಡ್ಡು ತಗೊಳ್ಲಿಲ್ಲ, ಚಾ ನಾನೇ ಕುಡಿಸ್ದೆ.

ಟೈರಿನ ವಿಚಾರಕ್ಕ ಅರ್ಧ ದಿನ ಜಗಳ ಆಡೀವಿ. ಕಂಪನಿ ಸೈಜು 215/75 ಆರ್ 15, ನಂಗೆ 235 ಮಡ್ ಟೈರ್ ಬೇಕಿತ್ತು. "63 ಹಾರ್ಸ್ ಪವರ್ ಇಟ್ಕೊಂಡು ದೊಡ್ಡ ಗಾಲಿ ಎಳೀತೀಯಾ? ಗುಡ್ಡದಾಗ ಫಸ್ಟ್ ಗೇರಿನಾಗೇ ಅಳ್ತೈತಿ" ಅಂದ್ರು. ಕಡಿಗೆ ಕಂಪನಿ ಸೈಜಿನದೇ ಎಟಿ ಟೈರಿಗೆ, ಅಂದ್ರ ರೋಡಿಗೂ ಮಣ್ಣಿಗೂ ಆಗೋ ಟೈರಿಗೆ ಒಪ್ಪಂದ ಆತು. ಕಲ್ಲು, ಮರಳು, ಮೊರಂ ಮ್ಯಾಲೆ ಚಲೋ ಹಿಡೀತಾವು, ಆದ್ರ ಎರಿ ಮಣ್ಣಿನಾಗ ಅವೂ ಏನೂ ಮಾಡಂಗಿಲ್ಲ. ಕಾರಟಗಿ ಕಡೆ ಮಳಿ ನಿಂತ ಹೊಲದ ದಾರಿಗೆ ಇಳಿಸಿದ್ದೆ, ನಾಕ್ ಮಾರು ಹೋಗೋದ್ರಾಗ ಟೈರಿನ ಗೆರೆ ಎಲ್ಲಾ ಮುಚ್ಚಿ ನಾಕೂ ಗಾಲಿ ಕರೀ ಮಣ್ಣಿನ ಉಂಡಿ ಆದ್ವು. ಗಾಳಿ ಇಳಿಸಿ ನೋಡ್ದೆ, ಆಗ್ಲಿಲ್ಲ. ಟ್ರ್ಯಾಕ್ಟರಿನ ಅಣ್ಣ ಬಂದು ಎಳೆದ, 500 ಕೊಟ್ಟೆ. ಮಳಿ ಬಿದ್ರ ಎರಿ ನೆಲಕ್ಕ ಇಳೀಬ್ಯಾಡ್ರಿ, ಬಿಸಿಲು ಬಿದ್ದು ಒಣಗೋ ತನಕ ಬುತ್ತಿ ಬಿಚ್ಚಿ ಕುಂದ್ರ್ರಿ.

ವೈರಿಂಗಂತೂ ನನ್ನದೇ ತಪ್ಪು. ಚಾಚಾನ ಹತ್ರ ಬರೋ ಮುಂಚೆ ಬ್ಯಾರೆ ಊರಿನ ಒಂದು ಆಕ್ಸೆಸರೀಸ್ ಅಂಗಡ್ಯಾಗ ಎಲ್‌ಇಡಿ ಬಾರ್ ಹಾಕಿಸಿದ್ದೆ, ಅವ್ರು ಹೆಡ್‌ಲೈಟಿನ ವೈರ್ ಸುಲಿದು ಟೇಪ್ ಸುತ್ತಿ ಕಳಿಸಿದ್ರು, ಜಾಸ್ತಿ ಕರೆಂಟ್ ತಡಕೊಳ್ಳೋ ರಿಲೇ ಸ್ವಿಚ್ಚಿಲ್ಲ, ಫ್ಯೂಸ್ ಇಲ್ಲ. ಒಂದಿನ ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನಿ ಬಂತು, ಬಾನೆಟ್ ಎತ್ತಿದ್ರ ವೈರು ಕರಗಿ ಅಂಟಿಕೊಂಡಿತ್ತು, ಇನ್ನೈದು ನಿಮಿಷ ತಡ ಆಗಿದ್ರ ಗಾಡಿಗೇ ಬೆಂಕಿ. ಚಾಚಾನ ಮಗ ಎಲ್ಲಾ ಕಿತ್ತು ಬ್ಯಾಟರಿ ಪಕ್ಕದಾಗೇ ಫ್ಯೂಸ್ ಇಟ್ಟು ರಿಲೇ ಹಾಕಿ ದಪ್ಪ ವೈರ್ ಎಳೆದ. ಬಾರ್ ಮತ್ತ ಹಾಕಿಸ್ಲಿಲ್ಲ, ಟ್ರಿಪ್ಪಿಗೆ ಹೋದಾಗ ಹೊರಗ ಅಡಿಗಿ ಮಾಡಾಕ ಹಿಂದಿನ ಡೋರಿಗೆ ಒಂದು ಸಣ್ಣ ಲೈಟ್ ಸಾಕು. ಗಾಳಿ ಹೊಡಿಯೋ ಕಂಪ್ರೆಸರ್ ಸಿಗರೇಟ್ ಸಾಕೆಟ್ಟಿಗೆ ಚುಚ್ಚಬ್ಯಾಡ, ಸೀದಾ ಬ್ಯಾಟರಿಗೆ ಕ್ಲಿಪ್ ಹಾಕು ಅಂದಾನ, ಹಂಗೇ ಮಾಡ್ತೀನಿ.

ಗಾಡ್ಯಾಗೇ ಮಲಗಾಕ ಹಿಂದಿನ ಅಡ್ಡ ಸೀಟು ಮಡಚಿ ಪ್ಲೈವುಡ್ ಹಲಗಿ ನಾನೇ ಮಾಡ್ಕೊಂಡೀನಿ, ಓರೆಯಾಗಿ ಮಲಗಿದ್ರ ಕಾಲು ಚಾಚಬಹುದು.

ಇಷ್ಟೆಲ್ಲಾ ಆದ್ಮ್ಯಾಲೆ ಹೋದ ಮಳಿಗಾಲದಾಗ ಕುರುಗೋಡು, ಕಂಪ್ಲಿ, ಗಂಗಾವತಿ ಮ್ಯಾಲೆ ಹಿರೇಬೆಣಕಲ್‌ಗೆ ಹೋದ್ವಿ. ಅಲ್ಲಿನ ಮೋರ್ಯರ ಗುಡ್ಡದ ಕಲ್ಲಿನ ಮನಿ, ಅಂದ್ರ ಭಾಳ ಹಳೇ ಕಾಲದ ಕಲ್ಲಿನ ಸಮಾಧಿ ತನಕ ಗಾಡಿ ಹೋಗಂಗಿಲ್ಲ, ಕೆಳಗ ಬಿಟ್ಟು ನಡೀಬೇಕು. ವಾಪಸ್ ಬರೋ ಹೊತ್ತಿಗೆ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಬಂದ್, ಕಡೇಬಾಗಿಲು-ಬುಕ್ಕಸಾಗರ ಸೇತುವೆಗೆ ಸುತ್ತಾಕಿ ಬರ್ಬೇಕಾತು, ತಗ್ಗು ದಿನ್ನಿ ಎಲ್ಲಾ ದಾಟಿ ಮನಿ ಮುಟ್ಟಿದ್ರೂ ಕೆಳಗಿಂದ ಒಂದು ಕಟಕ್ ಸದ್ದು ಇಲ್ಲ.

ಬೈಯೋದೂ ಐತಿ. ಟೈಮು ಅನ್ನೋದು ಚಾಚಾಗೆ ಗೊತ್ತೇ ಇಲ್ಲ. ಎರಡು ದಿನ ಅಂದಿದ್ದು ಒಂಬತ್ತು ದಿನ ಆತು, ಫೋನ್ ಎತ್ತಂಗಿಲ್ಲ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಂದ್, ಬಿಲ್ಲು ಅಂದ್ರ ಫಿಲ್ಟರ್ ಡಬ್ಬಿ ಹರಿದು ಅದ್ರ ಹಿಂದ ಬರ್ದ ಲೆಕ್ಕ. ಸ್ಪೇರ್ಸ್ ಎಷ್ಟೋ ಸಲ ನಾವೇ ತಂದು ಕೊಡ್ಬೇಕು. ಕುಂದ್ರಾಕ ಒಂದು ಹಳೇ ಸೀಟು, ಅದ್ರಾಗ ಸ್ಪ್ರಿಂಗ್ ಚುಚ್ಚತೈತಿ, ಅದಕ್ಕ ನಾನು ಎದುರಿನ ಬಂಡ್ಯಾಗ ಒಗ್ಗಾಣಿ ಮಿರ್ಚಿ ತಿಂದ್ಕೋಂತ ನಿಂತಿರ್ತೀನಿ. ಐದಕ್ಕ ನಾಲ್ಕು ಸ್ಟಾರು, ಒಂದು ಆ ಒಂಬತ್ತು ದಿನಕ್ಕ ಕಟ್.

ಹೋಗೋರು ಗಾಡಿ ತೊಳಿಸ್ಕೊಂಡು ಹೋಗಬ್ಯಾಡ್ರಿ. ನಾನು ಮರ್ಯಾದಿ ಅಂತ ಕೆಳಗೆಲ್ಲಾ ವಾಟರ್ ಸರ್ವೀಸ್ ಮಾಡಿಸ್ಕೊಂಡು ಹೋಗಿದ್ದೆ, ಬಗ್ಗಿ ನೋಡಿ ಎದ್ದು ನಿಂತು ಬೈದ್ರು. ಆಯಿಲ್ ಎಲ್ಲಿ ಸೋರ್ತೈತಿ ಅಲ್ಲಿ ಧೂಳು ಅಂಟಿರ್ತೈತಂತ, ಅದನ್ನ ನೋಡೇ ಅವ್ರು ಹಿಡಿಯೋದು. "ಮದುವಿ ಹುಡುಗ ಅಲ್ಲ ಇದು, ಪೇಷಂಟು. ಒಂದು ವಾರ ಮಣ್ಣಾಗ ತಿರುಗಿಸ್ಕೊಂಡು ಬಾ" ಅಂತ ವಾಪಸ್ ಕಳಿಸಿದ್ರು.